ಸಾವಕಾಶದ ಸವಾರಿ

ನಾಲ್ಕು ಜನ ಸೇರಿ ಸೈಕಲ್ ಪ್ರವಾಸದ ಮಾತೆತ್ತಿದೊಡನೆ ಹುಟ್ಟುವ ಮೊದಲ ಪ್ರಶ್ನೆ ‘ಎಷ್ಟು ದೂರ?’ ಎಂಬುದು, ಎರಡನೆಯದು ‘ಎಷ್ಟು ಹೊತ್ತಿಗೆ ತಲಪುತ್ತೇವೆ?’ ಎಂಬುದು. ಇವೆರಡಕ್ಕಿಂತಲೂ ಮೊದಲು ಕೇಳಬೇಕಾದ ಪ್ರಶ್ನೆ ಮತ್ತೊಂದುಂಟು. ಅದನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ‘ಈ ತಂಡದಲ್ಲಿ ಎಲ್ಲರಿಗಿಂತ ನಿಧಾನವಾಗಿ ತುಳಿಯುವವರು ಯಾರು?’ ಶನಿವಾರ ಭಾನುವಾರಗಳ ವಿರಾಮದಲ್ಲಿ ಹಳ್ಳಿಗಾಡಿನ ಗಾಳಿ ಕುಡಿದು ಬರೋಣವೆಂದು ಹೊರಡುವ ಕುಟುಂಬವು ತನ್ನ ಯೋಜನೆಯನ್ನೆಲ್ಲ ಈ ಪ್ರಶ್ನೆಯ ಉತ್ತರದ ಮೇಲೆಯೇ ಕಟ್ಟತಕ್ಕದ್ದು.

ಒಂದು ತಂಡವನ್ನು ಕಲ್ಪಿಸಿಕೊಳ್ಳಬಹುದು. ಕಾಲೇಜಿನಲ್ಲಿ ಓದುವ ಇಬ್ಬರು ಹುಡುಗರು, ಹೈಸ್ಕೂಲಿನ ಹುಡುಗಿ, ಐವತ್ತು ದಾಟಿದ ತಂದೆ, ಮದುವೆಗೆ ಮುಂಚೆ ಸೈಕಲ್ ತುಳಿದು ಇಪ್ಪತ್ತು ವರ್ಷಗಳ ಮೇಲೆ ಮತ್ತೆ ಪೆಡಲಿಗೆ ಕಾಲಿಟ್ಟ ಚಿಕ್ಕಮ್ಮ. ಊರು ದಾಟುತ್ತಲೇ ಹುಡುಗರ ಸೈಕಲ್ಲುಗಳಿಗೆ ರೆಕ್ಕೆ ಬರುತ್ತದೆ. ಚಿಕ್ಕಮ್ಮ ಒಂದು ಫರ್ಲಾಂಗು ಹಿಂದೆ ಬಿದ್ದು, “ನೀವೆಲ್ಲ ಮುಂದೆ ಹೋಗ್ರಪ್ಪ, ನಾನು ಹಿಂದಿನಿಂದ ನಿಧಾನವಾಗಿ ಬರ್ತೀನಿ” ಎನ್ನುತ್ತಾರೆ. ಇದು ಸೌಜನ್ಯದ ಮಾತೇ ಹೊರತು ಸತ್ಯದ ಮಾತಲ್ಲ. ಇದನ್ನು ನಂಬಿ ಮುಂದೆ ಹೋದವರು ಪ್ರವಾಸವನ್ನು ಅಲ್ಲಿಯೇ ಕೆಡಿಸಿದರು.

ಹೇಗೆಂದರೆ, ಇದರಲ್ಲಿ ಒಂದು ಸಣ್ಣ ಲೆಕ್ಕವಿದೆ. ಗಂಟೆಗೆ 18 ಕಿಲೋಮೀಟರು ತುಳಿಯುವವರು 15 ಕಿಲೋಮೀಟರನ್ನು 50 ನಿಮಿಷದಲ್ಲಿ ಮುಗಿಸುತ್ತಾರೆ. ಗಂಟೆಗೆ 10 ಕಿಲೋಮೀಟರು ತುಳಿಯುವವರಿಗೆ ಅಷ್ಟೇ ದಾರಿಗೆ 90 ನಿಮಿಷ ಬೇಕು. ಮುಂದೆ ಹೋದವರು ಮರದ ನೆರಳಿನಲ್ಲಿ 40 ನಿಮಿಷ ಕುಳಿತು, ಕಡಲೆಕಾಯಿ ತಿಂದು, ಬೇಸರಗೊಂಡಿರುವಾಗ ಹಿಂದಿನವರು ಏದುಸಿರು ಬಿಡುತ್ತ ಬಂದು ಸೇರುತ್ತಾರೆ. “ಸರಿ, ಎಲ್ಲರೂ ಬಂದಹಾಗಾಯಿತು, ಇನ್ನು ಹೊರಡೋಣ” ಎಂದು ಹುಡುಗರು ಎದ್ದು ನಿಲ್ಲುತ್ತಾರೆ. ಎಲ್ಲರಿಗಿಂತ ಹೆಚ್ಚು ದಣಿದವರಿಗೆ ಎಲ್ಲರಿಗಿಂತ ಕಡಿಮೆ ವಿಶ್ರಾಂತಿ! ಹೀಗೆ ಮೂರು ಬಾರಿ ಆಯಿತೆಂದರೆ ಚಿಕ್ಕಮ್ಮ ಮನೆಗೆ ಬಂದವರು ಸೈಕಲ್ಲನ್ನು ಮೆಟ್ಟಿಲಡಿ ಸೇರಿಸಿ, “ಇದು ನನ್ನ ವಯಸ್ಸಿಗಲ್ಲ” ಎಂದು ತೀರ್ಮಾನಿಸಿಬಿಡುತ್ತಾರೆ. ಕಾರಣ ವಯಸ್ಸಲ್ಲ, ಯೋಜನೆಯ ದೋಷವೆಂಬುದನ್ನು ಅವರಿಗೆ ಹೇಳುವವರು ಯಾರು?

ಈ ದೋಷವನ್ನು ತಪ್ಪಿಸುವ ಬಗೆಯನ್ನು ಮೈಸೂರಿನವರಿಗೆ ಹತ್ತಿರದ ಒಂದು ದಾರಿಯ ಮೇಲೆಯೇ ನೋಡಬಹುದು. ಮೈಸೂರಿನಿಂದ ಶ್ರೀರಂಗಪಟ್ಟಣಕ್ಕೆ ಸುಮಾರು 15 ಕಿಲೋಮೀಟರು. ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲವಾದ್ದರಿಂದ ಆ ಕಡೆ ಹೋಗುವವರು ಸರ್ವಿಸ್ ರಸ್ತೆಯನ್ನೇ ಹಿಡಿಯಬೇಕು. ವಿರಾಮಕ್ಕೆಂದು ಹೊರಟವರಿಗೆ ಇದಕ್ಕಿಂತ ಹಿತವಾದುದು, ಕೃಷ್ಣರಾಜಸಾಗರದ ರಸ್ತೆಯಲ್ಲಿ ಸಾಗಿ, ಬೆಳಗೊಳ, ಪಾಲಹಳ್ಳಿಗಳ ಮೂಲಕ ಬಳಸಿ ಬರುವ ದಾರಿ. ದೂರ ಒಂದಿಷ್ಟು ಹೆಚ್ಚು. ಆದರೆ ಕಬ್ಬು, ಬತ್ತದ ಗದ್ದೆಗಳೂ ನಾಲೆಯ ನೀರೂ ಜೊತೆಗಿರುತ್ತವೆ. ಎರಡು ದಿನಗಳಿಗೆ ಹಂಚಿಕೊಂಡರೆ ಈ ದೂರ ಯಾರಿಗೂ ಭಾರವಾಗದು.

ದಾರಿಯಲ್ಲಿ ಒಂದು ಗುಟ್ಟಿದೆ. ಮೈಸೂರು ಶ್ರೀರಂಗಪಟ್ಟಣಕ್ಕಿಂತ ಸುಮಾರು 80 ಮೀಟರು ಎತ್ತರದಲ್ಲಿದೆ. ಆದ್ದರಿಂದ ಹೋಗುವಾಗ ನೆಲವೇ ಸೈಕಲ್ಲನ್ನು ಮೆಲ್ಲನೆ ಮುಂದಕ್ಕೆ ನೂಕುತ್ತದೆ. ಹೊಸಬರಿಗೂ ತಾವು ಬಲಶಾಲಿಗಳೆಂಬ ಭ್ರಮೆ ಹುಟ್ಟುತ್ತದೆ. ಮರಳುವಾಗ ಅದೇ ನೆಲ ಸಾಲವನ್ನು ಬಡ್ಡಿಸಹಿತ ವಸೂಲು ಮಾಡುತ್ತದೆ. ಹೋಗುವ ದಾರಿಯ ಸುಖವನ್ನು ನೋಡಿ ಕಾಲದ ಲೆಕ್ಕ ಹಾಕಿದವರು ಬರುವಾಗ ಬಿಸಿಲಿಗೆ ಸಿಕ್ಕುವುದು ಖಂಡಿತ. ಲೆಕ್ಕವನ್ನು ಏರುದಾರಿಗೆ ಹಾಕಬೇಕು, ಅದೂ ಚಿಕ್ಕಮ್ಮನ ಕಾಲಿನಿಂದ ಹಾಕಬೇಕು.

ಸಿದ್ಧತೆ ಒಂದು ವಾರ ಮೊದಲೇ ಆರಂಭವಾಗಲಿ. ಹಿಂದಿನ ಭಾನುವಾರ ಎಲ್ಲರೂ ಕೂಡಿ ಊರಿನಲ್ಲಿಯೇ ಎಂಟು ಹತ್ತು ಕಿಲೋಮೀಟರು ಸುತ್ತಿ ಬಂದರೆ ಯಾರ ಸೀಟು ತಗ್ಗು, ಯಾರ ಚೈನು ಸಡಿಲ ಎಂಬುದೆಲ್ಲ ಬಯಲಾಗುತ್ತದೆ. ಪೆಡಲು ತೀರ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿಯಿಟ್ಟರೆ ಕಾಲು ನೀಳವಾಗುವಂತೆ ಸೀಟನ್ನು ಏರಿಸಿಕೊಳ್ಳಬೇಕು. ಮಂಡಿನೋವಿನ ದೂರುಗಳಲ್ಲಿ ಅನೇಕವು ತಗ್ಗಾದ ಸೀಟಿನಿಂದ ಹುಟ್ಟಿದವು. ಎರಡು ಬ್ರೇಕುಗಳೂ ಹಿಡಿಯುತ್ತವೆಯೇ, ಟೈರು ಸವೆದಿಲ್ಲವೇ ಎಂದು ಸೈಕಲ್ ಅಂಗಡಿಯಲ್ಲಿ ತೋರಿಸಿ ಗಾಳಿ ತುಂಬಿಸಿಡಬೇಕು. ತಂಡಕ್ಕೆ ಒಂದು ಪಂಪು, ಪಂಕ್ಚರ್ ಹಾಕುವ ಸಾಮಾನು, ಒಂದೆರಡು ಟ್ಯೂಬು, ತಲೆಗೊಂದು ಹೆಲ್ಮೆಟ್ಟು, ಗಂಟೆಗೆ ಅರ್ಧ ಲೀಟರಿನಂತೆ ಕುಡಿಯುವ ನೀರು. ಸೀರೆಯ ಸೆರಗು, ದುಪಟ್ಟಾಗಳನ್ನು ಬಿಗಿಯಾಗಿ ಕಟ್ಟದಿದ್ದರೆ ಚಕ್ರಕ್ಕೆ ಸಿಕ್ಕಿಕೊಳ್ಳುವ ಅಪಾಯವುಂಟು.

ಬುತ್ತಿಯ ವಿಚಾರದಲ್ಲಿ ಮನೆಯವರಿಗೆ ಉಪದೇಶ ಬೇಕಿಲ್ಲ. ಪುಳಿಯೋಗರೆ ಮಧ್ಯಾಹ್ನದವರೆಗೂ ಕೆಡದೆ ನಿಲ್ಲುತ್ತದೆ. ಬಾಳೆಹಣ್ಣು, ಕಡಲೆಕಾಯಿ, ಬೆಲ್ಲ ದಾರಿಯಲ್ಲಿ ಶಕ್ತಿ ಕೊಡುತ್ತವೆ. ಆದರೆ ಹೊರೆಯ ಹಂಚಿಕೆಯಲ್ಲಿ ನ್ಯಾಯ ಬೇಕು. ಬುತ್ತಿ, ನೀರು, ಉಡುಪಿನ ಗಂಟುಗಳೆಲ್ಲ ವೇಗದ ಹುಡುಗರ ಕ್ಯಾರಿಯರಿಗೆ ಸೇರಲಿ. ಇದರಿಂದ ನಿಧಾನದವರು ಹಗುರವಾಗುವರು. ವೇಗದವರ ವೇಗಕ್ಕೆ ಸಹಜವಾಗಿಯೇ ಲಗಾಮು ಬೀಳುವುದು.

ಇನ್ನು ರಸ್ತೆಯ ನಿಯಮಗಳು. ತಂಡದ ವೇಗವನ್ನು ನಿಧಾನದವರೇ ನಿರ್ಧರಿಸುವಂತೆ ಅವರನ್ನು ಮುಂಭಾಗದಲ್ಲಿ, ದಾರಿ ಬಲ್ಲವರೊಬ್ಬರ ಬೆನ್ನಿಗೇ ಇರಿಸಬೇಕು. ಎಲ್ಲರಿಗಿಂತ ಗಟ್ಟಿಗನು ಪಂಪು ಹಿಡಿದು ಕೊನೆಯಲ್ಲಿರಲಿ. ಯಾರೇ ನಿಂತರೂ ಅವನು ನಿಲ್ಲಬೇಕು, ಯಾರನ್ನೂ ದಾಟಿ ಮುಂದೆ ಹೋಗಕೂಡದು. ಎಡಬದಿಯಲ್ಲಿ ಒಬ್ಬರ ಹಿಂದೊಬ್ಬರು ಸಾಗಬೇಕು. ರಸ್ತೆ ಕವಲಾದಲ್ಲೆಲ್ಲ ಮುಂದಿನವರು ನಿಂತು ಕೊನೆಯವನ ಮುಖ ಕಂಡ ಮೇಲೆಯೇ ತಿರುಗಬೇಕು. ವಿಶ್ರಾಂತಿಯ ಹತ್ತು ನಿಮಿಷ ಮೊದಲು ಬಂದವರಿಂದಲ್ಲ, ಕೊನೆಗೆ ಬಂದವರು ಸೈಕಲ್ಲಿನಿಂದ ಇಳಿದ ಗಳಿಗೆಯಿಂದ ಆರಂಭವಾಗಬೇಕು. ವೇಗ ಹಿತವಾಗಿದೆಯೇ ಎಂದು ತಿಳಿಯಲು ಯಂತ್ರ ಬೇಕಿಲ್ಲ. ಚಿಕ್ಕಮ್ಮನನ್ನು ಏನಾದರೂ ಕೇಳಿದರೆ ಸಾಕು. ಅವರು ಪೂರ್ಣ ವಾಕ್ಯದಲ್ಲಿ ಉತ್ತರಿಸಿದರೆ ಸರಿ. “ಹೂಂ” ಎಂದಷ್ಟೇ ಹೇಳಿದರೆ ವೇಗ ಹೆಚ್ಚಾಗಿದೆ ಎಂದರ್ಥ.

ಚಳಿಗಾಲದ ಒಂದು ಶನಿವಾರ ಬೆಳಗು ಹರಿಯುತ್ತಲೇ ಹೊರಟು, ನಡುವೆ ಎರಡು ಬಾರಿ ಇಳಿದರೂ ಬೆಳಗಿನ ಹೊತ್ತಿನಲ್ಲಿಯೇ ರಂಗನತಿಟ್ಟನ್ನು ಸೇರಬಹುದು. ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರ ಪ್ರೇರಣೆಯಿಂದ 1940ರಲ್ಲಿ ಪಕ್ಷಿಧಾಮವಾದ ಈ ನಡುಗಡ್ಡೆಗಳ ಗುಂಪು 2022ರಲ್ಲಿ ರಾಮ್‌ಸರ್ ತಾಣಗಳ ಪಟ್ಟಿಗೂ ಸೇರಿದೆ. ದೋಣಿಯಲ್ಲಿ ಕುಳಿತರೆ ಬಣ್ಣದ ಕೊಕ್ಕರೆ, ಚಮಚಕೊಕ್ಕು, ಹೆಜ್ಜಾರ್ಲೆಗಳೂ ಬಂಡೆಯ ಮೇಲೆ ಬಾಯ್ದೆರೆದು ಬಿಸಿಲು ಕಾಯುವ ಮೊಸಳೆಗಳೂ ಕಾಣಸಿಗುತ್ತವೆ. ಮಧ್ಯಾಹ್ನದ ಬಿಸಿಲನ್ನು ಬುತ್ತಿಗೂ ನೆರಳಿಗೂ ಒಪ್ಪಿಸಿ, ಹೊತ್ತು ತಗ್ಗಿದ ಮೇಲೆ ಮೂರ್ನಾಲ್ಕು ಕಿಲೋಮೀಟರು ತುಳಿದರೆ ಶ್ರೀರಂಗಪಟ್ಟಣ. ರಾತ್ರಿಯ ವಸತಿಯನ್ನು ಮೊದಲೇ ಗೊತ್ತುಮಾಡಿಕೊಂಡಿದ್ದು, ಗಂಟುಗಳನ್ನು ಅಲ್ಲಿ ಇಳಿಸಬೇಕು. ಬಳಿಕ 1784ರಲ್ಲಿ ಟಿಪ್ಪು ಕಟ್ಟಿಸಿದ ದರಿಯಾ ದೌಲತ್ತಿನ ಭಿತ್ತಿಚಿತ್ರಗಳನ್ನು ನೋಡಿ, ಗಂಜಾಂ, ಗುಂಬಜ್‌ಗಳ ಮೇಲೆ ಸಂಗಮಕ್ಕೆ ಹೋಗಬಹುದು. ಪಶ್ಚಿಮದಲ್ಲಿ ಕವಲೊಡೆದ ಕಾವೇರಿ ದ್ವೀಪವನ್ನು ಬಳಸಿ ಬಂದು ಇಲ್ಲಿ ಮತ್ತೆ ಒಂದಾಗುತ್ತಾಳೆ. ಸೆಳೆತವಿರುವ ನೀರಾದ್ದರಿಂದ ಹುಡುಗರ ಈಜಿನ ಉತ್ಸಾಹಕ್ಕೆ ಹಿರಿಯರು ಒಪ್ಪಿಗೆ ಕೊಡಬಾರದು. ದಡದ ಮೇಲೆ ಕುಳಿತು ನೋಡುವುದಕ್ಕೇ ಒಂದು ಸಂಜೆ ಸಾಲದು. ಕತ್ತಲೆಗೆ ಮುಂಚೆ ವಸತಿಗೆ ಮರಳುವುದು ಒಳ್ಳೆಯದು.

ಭಾನುವಾರ ಮುಂಜಾನೆ ರಂಗನಾಥನ ದರ್ಶನ ಮಾಡಿ, ತಿಂಡಿ ತಿಂದು, ಬಿಸಿಲೇರುವ ಮೊದಲೇ ಊರಿನ ದಾರಿ ಹಿಡಿಯಬೇಕು. ಈಗ ಬರುವುದು ಏರು. ಗಂಟೆಗೆ ಎಂಟು ಕಿಲೋಮೀಟರಾದರೂ ಚಿಂತೆಯಿಲ್ಲ. ಇಳಿದು ನೂಕಿದರೂ ಅವಮಾನವಿಲ್ಲ, ಒಬ್ಬರು ಇಳಿದರೆ ಎಲ್ಲರೂ ಇಳಿಯಲಿ. ಯಾರಿಗಾದರೂ ಸಾಕೆನಿಸಿದರೆ ಶ್ರೀರಂಗಪಟ್ಟಣದಲ್ಲಿ ರೈಲು ನಿಲ್ದಾಣವಿದೆ, ಬಸ್ಸುಗಳಿವೆ. ಸೈಕಲ್ಲನ್ನು ಸರಕಿನ ಆಟೋದಲ್ಲಿ ತರಿಸಬಹುದು. ಈ ಅನುಕೂಲವನ್ನು ಹೊರಡುವ ಮುನ್ನವೇ ಎಲ್ಲರೆದುರು ಹೇಳಿಟ್ಟಿರಬೇಕು. ಬಿಟ್ಟುಹೋಗಲು ಬಾಗಿಲು ತೆರೆದಿದೆಯೆಂದು ತಿಳಿದವರು ಬಹುಮಟ್ಟಿಗೆ ಬಿಟ್ಟುಹೋಗುವುದಿಲ್ಲ.

ಹುಡುಗರಿಗೆ ಇದೆಲ್ಲ ಸಪ್ಪೆಯೆನಿಸಬಹುದು. ಅವರ ಕಾಲಿನ ಬಲ ತೋರಿಸಲು ಬೇರೆ ಭಾನುವಾರಗಳಿವೆ, ಬೇರೆ ಗೆಳೆಯರಿದ್ದಾರೆ. ಮನೆಮಂದಿಯೆಲ್ಲ ಕೂಡಿ ಹೊರಟ ಪ್ರವಾಸದ ಯಶಸ್ಸನ್ನು ಕ್ರಮಿಸಿದ ಕಿಲೋಮೀಟರುಗಳಿಂದ ಅಳೆಯಲಾಗದು. ಮರುವಾರ ಚಿಕ್ಕಮ್ಮ ತಾವಾಗಿಯೇ, “ನನ್ನ ಸೈಕಲ್ಲಿಗೂ ಸ್ವಲ್ಪ ಗಾಳಿ ಹಾಕಿಸಿಕೊಂಡು ಬಾರೋ” ಎಂದು ಹುಡುಗನನ್ನು ಕೂಗಿದರೆ ಯೋಜನೆ ಸರಿಯಾಗಿತ್ತೆಂದು ತಿಳಿಯಬಹುದು.