ಗೆಳೆತನಕ್ಕೆ ಕಾಯ್ದೆ ಸಾಲದು

1995ರ ಕಾಯ್ದೆ ಗುರುತಿಸಿದ್ದು ಏಳು ಬಗೆಯ ಅಂಗವೈಕಲ್ಯಗಳನ್ನು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆಟಿಸಂ ಸೇರಿದಂತೆ 21 ಬಗೆಗಳನ್ನು ಒಳಗೊಂಡಿದೆ. ಮಾನ್ಯತೆ ಪಡೆದ ಶಾಲೆಗಳು ಇಂಥ ಮಕ್ಕಳಿಗೆ ಭೇದವಿಲ್ಲದೆ ಪ್ರವೇಶವನ್ನೂ ಇತರರಂತೆ ಆಟೋಟದ ಅವಕಾಶವನ್ನೂ ನೀಡಬೇಕೆಂದು ವಿಧಿಸಿದೆ. ಆದರೆ ಹುಟ್ಟುಹಬ್ಬಕ್ಕೆ ಕರೆಯಿರೆಂದು ಯಾವ ಕಾಯ್ದೆಯೂ ವಿಧಿಸಲಾರದು.

ಊರಿನಲ್ಲಿ ಅಜ್ಜಿ, ಚಿಕ್ಕಪ್ಪ, ನೆರೆಮನೆಯ ಅಂಗಳ ಮಗುವಿಗೆ ತಾವಾಗಿ ಒದಗುತ್ತಿದ್ದವು. ಮುಂಬಯಿಯ ಎರಡು ಕೋಣೆಯ ಮನೆಯಲ್ಲಿ ಆ ಬಳಗವನ್ನು ತಾಯ್ತಂದೆಯರೇ ಕಟ್ಟಬೇಕು. ‘ಜನ ಏನೆಂದಾರು’ ಎಂದು ಅಳುಕಿ ಅವರು ಸಮಾರಂಭಗಳಿಂದ ದೂರವುಳಿದರೆ, ಆ ತಪ್ಪಿನಲ್ಲಿ ನಮಗೂ ಪಾಲಿದೆ.

ನಮ್ಮ ಸಂಘಗಳ ರಾಜ್ಯೋತ್ಸವದಲ್ಲಿ ಗಾಲಿಕುರ್ಚಿಗೊಂದು ಇಳಿಜಾರು ಹಾದಿ, ಗದ್ದಲವಿಲ್ಲದ ಕೋಣೆ, ಮಕ್ಕಳ ನಾಟಕದಲ್ಲೊಂದು ಪಾತ್ರ – ಇವು ದುಬಾರಿಯಲ್ಲ. ಅನುಕಂಪದ ಮಾತು ಸಾಕು. ಮುಂದಿನ ಸಮಾರಂಭಕ್ಕೆ ಆ ಮಗುವನ್ನು ಹೆಸರು ಹಿಡಿದು ಕರೆಯೋಣ.