ಶಾಲೆಯ ಕಿಟಕಿಯ ಬೆಳಕು ಯಾರಿಗೆ ಸೇರಬೇಕು?

ಲಂಡನ್ ನಗರದ ಹಳೆಯ ಬಡಾವಣೆಗಳಲ್ಲಿ ವಿಕ್ಟೋರಿಯಾ ರಾಣಿಯ ಕಾಲದ ಶಾಲಾ ಕಟ್ಟಡಗಳು ಇಂದಿಗೂ ಗಟ್ಟಿಯಾಗಿ ನಿಂತಿವೆ. ಅವುಗಳಲ್ಲಿ ಹಲವು ಈಗಲೂ ಶಾಲೆಗಳೇ. ಕೆಲವು ಮಾತ್ರ ಮಕ್ಕಳಿಲ್ಲದೆ ಮುಚ್ಚಿ, ಮಾರಾಟವಾಗಿ, ಸಿರಿವಂತರು ವಾಸಿಸುವ ಐಷಾರಾಮಿ ಫ್ಲ್ಯಾಟುಗಳಾಗಿ ಮಾರ್ಪಟ್ಟಿವೆ. ಬಾಗಿಲುಗಳ ಮೇಲೆ ‘ಹುಡುಗರು’, ‘ಹುಡುಗಿಯರು’, ‘ಶಿಶುಗಳು’ ಎಂದು ಕಲ್ಲಿನಲ್ಲಿ ಕೆತ್ತಿದ ಅಕ್ಷರಗಳು ಹಾಗೆಯೇ ಉಳಿದಿವೆ. ಒಳಹೋಗುವವರು ಮಾತ್ರ ಬೇರೆ. ದೂರದ ಊರಿನ ಈ ಸಂಗತಿ ನಮಗೇಕೆ ಎಂದು ಓದುಗರು ಕೇಳಬಹುದು. ನಮಗೆ ಇದರಿಂದ ಕಲಿಯಬೇಕಾದುದು ಇದೆ ಎಂಬುದೇ ನಮ್ಮ ಅಭಿಪ್ರಾಯ.

ಈ ಕಟ್ಟಡಗಳ ಹಿನ್ನೆಲೆ ಸ್ವಾರಸ್ಯಕರವಾದುದು. 1870ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಪ್ರಾಥಮಿಕ ಶಿಕ್ಷಣ ಕಾಯ್ದೆಯನ್ನು ಅಂಗೀಕರಿಸಿತು. ಅದರಂತೆ ರಚನೆಯಾದ ಲಂಡನ್ ಶಾಲಾ ಮಂಡಳಿಯು 1904ರವರೆಗೆ ಕಾರ್ಯನಿರ್ವಹಿಸಿ ಸುಮಾರು 400 ಶಾಲೆಗಳನ್ನು ಕಟ್ಟಿಸಿತು. ಮಂಡಳಿಯ ವಾಸ್ತುಶಿಲ್ಪಿ ಇ. ಆರ್. ರಾಬ್ಸನ್ ಅವರಿಗೆ ಬೆಳಕು ಮತ್ತು ಗಾಳಿಯೇ ಮುಖ್ಯವಾಗಿದ್ದವು. ಬರೆಯುವ ಕೈಯ ನೆರಳು ಪುಸ್ತಕದ ಮೇಲೆ ಬೀಳಬಾರದೆಂದು ತರಗತಿಗೆ ಎಡಗಡೆಯಿಂದ ಬೆಳಕು ಬರಬೇಕೆಂಬುದು ಅವರ ನಿಲುವು. ಹೊಗೆ ಕವಿದ ಓಣಿಗಳ ಕತ್ತಲೆಯ ಕೋಣೆಗಳಿಂದ ಬರುವ ಮಗು ದಿನದ ಕೆಲವು ಗಂಟೆಗಳಾದರೂ ಬೆಳಕಿನಲ್ಲಿ ಕುಳಿತುಕೊಳ್ಳಲಿ ಎಂಬ ಕಾಳಜಿ ಆ ಎತ್ತರದ ಕಿಟಕಿಗಳಲ್ಲಿದೆ. ಇಂದು ಅದೇ ಕಿಟಕಿ, ಅದೇ ಎತ್ತರದ ಛಾವಣಿಗಳು ಫ್ಲ್ಯಾಟಿನ ಬೆಲೆಯನ್ನು ಏರಿಸುವ ಅಂಶಗಳಾಗಿವೆ. ಬಡವನ ಮಗುವಿಗೆಂದು ಒದಗಿಸಿದ ಬೆಳಕು ಚದರ ಅಡಿಯ ಲೆಕ್ಕದಲ್ಲಿ ಬಿಕರಿಯಾಗುತ್ತಿದೆ.

ಅದೇ ಕಾಲದಲ್ಲಿ ಅಲ್ಲಿನ ಕಥೋಲಿಕರು ಏನು ಮಾಡಿದರು ಎಂಬುದನ್ನೂ ನೆನೆಯಬೇಕು. ಕ್ಷಾಮಪೀಡಿತ ಐರ್ಲೆಂಡಿನಿಂದ ಬಂದ ಬಡ ಕೂಲಿಕಾರರ ಮಕ್ಕಳು ಲಂಡನ್ನಿನ ಬೀದಿಗಳಲ್ಲಿ ಅಲೆಯುತ್ತಿದ್ದ ದಿನಗಳವು. ಮಂಡಳಿಯ ಶಾಲೆಗಳಲ್ಲಿ ಯಾವುದೇ ಪಂಗಡದ ಧರ್ಮೋಪದೇಶಕ್ಕೆ ಅವಕಾಶವಿರಲಿಲ್ಲ. 1865ರಲ್ಲಿ ವೆಸ್ಟ್‌ಮಿನ್‌ಸ್ಟರಿನ ಮಹಾಧರ್ಮಾಧ್ಯಕ್ಷರಾದ ಹೆನ್ರಿ ಎಡ್ವರ್ಡ್ ಮ್ಯಾನಿಂಗ್ ಅವರ ಮುಂದೆ ಭವ್ಯವಾದ ಪ್ರಧಾನಾಲಯವನ್ನು ಕಟ್ಟುವ ಯೋಜನೆಯಿತ್ತು. ಅವರು ಅದನ್ನು ಬದಿಗಿಟ್ಟು, ಮೊದಲು ಬಡ ಮಕ್ಕಳಿಗೆ ಶಾಲೆ ಎಂದರು. ಪ್ರಧಾನಾಲಯದ ಕಟ್ಟಡ ಕಾಮಗಾರಿ ಆರಂಭವಾದದ್ದು 1895ರಲ್ಲಿ, ಅವರು ನಿಧನರಾಗಿ ಮೂರು ವರ್ಷಗಳ ನಂತರ. ದೇವಾಲಯಕ್ಕಿಂತ ಮೊದಲು ಶಾಲೆ ಎಂಬ ಈ ಆದ್ಯತೆಯ ಕ್ರಮವು ಧರ್ಮಸಭೆಗೆ ಗೌರವವನ್ನೇ ತಂದಿತು.

ತತ್ತ್ವಜ್ಞಾನಿ ಅರಿಸ್ಟಾಟಲನು ಯಾವುದೇ ವಸ್ತುವನ್ನು ಅರಿಯಲು ನಾಲ್ಕು ಕಾರಣಗಳನ್ನು ಕೇಳಬೇಕೆಂದನು: ಯಾವುದರಿಂದ ಆಯಿತು, ಯಾವ ರೂಪದಲ್ಲಿ ಆಯಿತು, ಯಾರಿಂದ ಆಯಿತು, ಯಾವ ಉದ್ದೇಶಕ್ಕಾಗಿ ಆಯಿತು. ಆ ಫ್ಲ್ಯಾಟುಗಳಲ್ಲಿ ಇಟ್ಟಿಗೆ ಉಳಿದಿದೆ, ಹೊರರೂಪವೂ ಬಹುಮಟ್ಟಿಗೆ ಉಳಿದಿದೆ, ಕಟ್ಟಿದವರ ಹೆಸರೂ ಉಳಿದಿದೆ. ನಾಲ್ಕನೆಯದು ಮಾತ್ರ ಹೊರಟುಹೋಗಿದೆ. ಸಂತ ತೋಮಸ್ ಅಕ್ವಿನಾಸರು ಒಂದು ಹೆಜ್ಜೆ ಮುಂದೆ ಹೋಗಿ, ಸೊತ್ತನ್ನು ಹೊಂದುವ ಹಕ್ಕು ವ್ಯಕ್ತಿಗೆ ಇದ್ದರೂ ಅದರ ಬಳಕೆಯಲ್ಲಿ ಅದು ಎಲ್ಲರದೆಂಬ ಭಾವದಿಂದ, ಕೊರತೆಯುಳ್ಳವರೊಡನೆ ಹಂಚಿಕೊಳ್ಳಲು ಸಿದ್ಧನಾಗಿರಬೇಕೆಂದು ಬೋಧಿಸಿದರು. ಜಗದ್ಗುರು ದ್ವಿತೀಯ ಜಾನ್ ಪೌಲರು 1987ರ ತಮ್ಮ ಪರಿಪತ್ರದಲ್ಲಿ ಖಾಸಗಿ ಆಸ್ತಿಯ ಮೇಲೆ ಸಮಾಜದ ಅಡಮಾನವೊಂದಿದೆ ಎಂಬ ಅರ್ಥದಲ್ಲಿ ಇದನ್ನೇ ನೆನಪಿಸಿದರು. ಖಾಸಗಿ ಆಸ್ತಿಗೇ ಹೀಗಾದರೆ, ಬಡವರಿಗಾಗಿಯೇ ಕಟ್ಟಿದ ಶಾಲೆಯ ಮಾತೇನು?

ಹಾಗೆಂದು ಆ ಮನೆಗಳಲ್ಲಿ ವಾಸಿಸುವವರನ್ನು ದೂರುವುದು ನಮ್ಮ ಉದ್ದೇಶವಲ್ಲ. ಖಾಲಿ ಬಿದ್ದ ಕಟ್ಟಡ ಕುಸಿಯುವುದಕ್ಕಿಂತ ಅದರಲ್ಲಿ ದೀಪ ಉರಿಯುವುದು ಲೇಸು. ಕೆಡವಿ ಹಾಕುವುದಕ್ಕಿಂತ ಉಳಿಸಿ ಬಳಸುವುದು ವಿವೇಕ. ನಗರಕ್ಕೆ ಮನೆಗಳೂ ಬೇಕು. ನಮ್ಮ ಪ್ರಶ್ನೆ ಇಷ್ಟೇ: ಮಕ್ಕಳು ಇಲ್ಲವಾದಾಗ ಉದ್ದೇಶವೂ ಇಲ್ಲವಾಯಿತೇ? ಮಕ್ಕಳು ಕಡಿಮೆಯಾದರೂ ಬಡವರು ಕಡಿಮೆಯಾಗಿಲ್ಲವಲ್ಲ.

ಈ ಪ್ರಶ್ನೆ ಈಗ ನಮ್ಮ ಕರಾವಳಿಯ ಅಂಗಳಕ್ಕೂ ಬಂದಿದೆ. ನಮ್ಮ ಅನೇಕ ಧರ್ಮಕೇಂದ್ರಗಳಲ್ಲಿ ಇಗರ್ಜಿಯ ಪಕ್ಕದಲ್ಲೇ ಕನ್ನಡ ಮಾಧ್ಯಮದ ಅನುದಾನಿತ ಶಾಲೆಯೊಂದಿದೆ. ಹಿರಿಯರು ತೆಂಗು, ಅಡಿಕೆ, ಅಕ್ಕಿಯನ್ನು ಕೊಟ್ಟು, ಕಲ್ಲು ಹೊತ್ತು, ಹಂಚು ಹೊದಿಸಿ ಎಬ್ಬಿಸಿದ ಶಾಲೆಗಳಿವು. ಜಾತಿಮತವೆನ್ನದೆ ಊರಿನ ಮಕ್ಕಳೆಲ್ಲರೂ ಇಲ್ಲಿ ಅಕ್ಷರ ಕಲಿತರು. ಆಂಗ್ಲ ಮಾಧ್ಯಮದ ಸೆಳೆತ, ಚಿಕ್ಕದಾದ ಕುಟುಂಬಗಳು, ನಿವೃತ್ತರಾದ ಶಿಕ್ಷಕರ ಸ್ಥಾನಗಳು ಬಹುಕಾಲ ತುಂಬದೆ ಉಳಿದದ್ದು, ಇವೆಲ್ಲ ಸೇರಿ ಇಂಥ ಶಾಲೆಗಳಲ್ಲಿ ಕೆಲವು ಮುಚ್ಚಿವೆ, ಕೆಲವು ಮುಚ್ಚುವ ಅಂಚಿನಲ್ಲಿವೆ. ರಸ್ತೆ ಬದಿಯ ಜಾಗ, ಬೆಲೆಯೂ ಚೆನ್ನಾಗಿದೆ. ಬಾಡಿಗೆ ಮಳಿಗೆಯೋ ವಸತಿ ಸಮುಚ್ಚಯವೋ ಆದರೆ ಧರ್ಮಕೇಂದ್ರಕ್ಕೆ ಸ್ಥಿರವಾದ ಆದಾಯವಾಗುತ್ತದೆಂಬ ವಾದ ಇಂಥ ಕಡೆ ಏಳುವುದು ಸಹಜ. ಆ ವಾದದಲ್ಲಿ ಹುರುಳಿಲ್ಲವೆನ್ನಲಾಗದು. ಇಗರ್ಜಿಯ ಖರ್ಚೂ ನಡೆಯಬೇಕಲ್ಲ.

ಆದರೆ ಧರ್ಮಸಭೆಯ ಕಾನೂನು ಸಂಹಿತೆಯ 1267ನೆಯ ನಿಯಮವು, ಒಂದು ನಿರ್ದಿಷ್ಟ ಉದ್ದೇಶಕ್ಕೆಂದು ವಿಶ್ವಾಸಿಗಳು ಕೊಟ್ಟ ಕಾಣಿಕೆಯನ್ನು ಆ ಉದ್ದೇಶಕ್ಕೇ ಬಳಸಬೇಕೆಂದು ವಿಧಿಸುತ್ತದೆ. ಇಂಗ್ಲೆಂಡಿನಲ್ಲಿಯೂ 1841ರ ಶಾಲಾ ನಿವೇಶನ ಕಾಯ್ದೆಯಂತೆ, ಬಡವರ ಶಿಕ್ಷಣಕ್ಕೆಂದು ದಾನವಾದ ಭೂಮಿ ಆ ಬಳಕೆ ನಿಂತೊಡನೆ ದಾನಿಯ ಕಡೆಗೇ ಮರಳಬೇಕಿತ್ತು. 1987ರಲ್ಲಷ್ಟೇ ಆ ವ್ಯವಸ್ಥೆ ಬದಲಾಯಿತು. ದಾನಿಯ ಸಂಕಲ್ಪವೆಂಬುದು ಲೋಕದ ಕಾನೂನಿಗೂ ಲಘುವಾದ ವಿಷಯವಲ್ಲ.

ಆದ್ದರಿಂದ ನಮ್ಮ ವಿನಂತಿ ಇದು. ಶಾಲೆ ಮುಚ್ಚುವ ಪ್ರಸಂಗ ಬಂದಾಗ ಧರ್ಮಕೇಂದ್ರದ ಪಾಲನಾ ಮಂಡಳಿಯು ಬೆಲೆಯನ್ನು ವಿಚಾರಿಸುವ ಮೊದಲು ಹಳೆಯ ದಾಖಲೆಗಳನ್ನು ತೆರೆಯಲಿ: ಯಾರು ಕೊಟ್ಟರು, ಯಾರಿಗಾಗಿ ಕೊಟ್ಟರು? ಬಳಿಕ ಊರನ್ನು ನೋಡಲಿ. ಉತ್ತರ ಕರ್ನಾಟಕದಿಂದ ಕೆಲಸ ಅರಸಿ ಬಂದ ಕೂಲಿಕಾರರ ಮಕ್ಕಳು ನಮ್ಮ ನಡುವೆಯೇ ಇದ್ದಾರೆ; ಕನ್ನಡ ಶಾಲೆ ಅವರಿಗೆ ಇನ್ನೂ ಬೇಕು. ಅಂಗವಿಕಲ ಮಕ್ಕಳಿಗೆ ತರಬೇತಿ, ಬಡ ವಿದ್ಯಾರ್ಥಿಗಳಿಗೆ ಸಂಜೆಯ ಓದುಮನೆ, ಒಂಟಿಯಾದ ವೃದ್ಧರಿಗೆ ಹಗಲಿನ ಆಸರೆ, ಇವೂ ಆ ಗೋಡೆಗಳಿಗೆ ಒಪ್ಪುವ ಕಾರ್ಯಗಳು. ಇವಾವುವೂ ಸಾಧ್ಯವಾಗದೆ ಮಾರಲೇಬೇಕಾದರೆ, ಬಂದ ಹಣದ ಮೊದಲ ಪಾಲು ಬಡ ಮಕ್ಕಳ ವಿದ್ಯೆಗೆ ಮೀಸಲಾಗಲಿ.

ಕುಟುಂಬಗಳಿಗೂ ಒಂದು ಮಾತು. ಇಂತಹ ನಿರ್ಣಯಗಳು ಸಭೆಗೆ ಬಂದಾಗ ಹಾಜರಾಗಿ, ಪ್ರಶ್ನಿಸಿ, ನಿಮ್ಮ ಅಭಿಪ್ರಾಯವನ್ನು ದಾಖಲಿಸಿ. ಅಜ್ಜ ಅಜ್ಜಿಯರು ಬೆವರು ಸುರಿಸಿ ಕಟ್ಟಿದ ಶಾಲೆ ನಮ್ಮ ಕೈಗೆ ಬಂದದ್ದು ಮಾರುಕಟ್ಟೆಯ ಸರಕಾಗಿ ಅಲ್ಲ, ಒಪ್ಪಿಸಿಕೊಟ್ಟ ನಿಧಿಯಾಗಿ. ಶುಭಸಂದೇಶದ ತಲಾಂತುಗಳ ಸಾಮತಿಯಲ್ಲಿ ಯಜಮಾನನು ಮರಳಿ ಬಂದು ಲೆಕ್ಕ ಕೇಳಿದನೆಂಬುದನ್ನು ಮರೆಯದಿರೋಣ.