ಮೊದಲು ತೆರೆದ ಬಾಗಿಲು

ಸಾಂಕ್ರಾಮಿಕ ರೋಗಗಳ ಇತಿಹಾಸವನ್ನು ಬರೆಯುವವರು ಸತ್ತವರನ್ನು ಎಣಿಸುತ್ತಾರೆ. ಯಾವ ಬಾಗಿಲು ಯಾವ ದಿನ ಮುಚ್ಚಿತೆಂಬುದನ್ನೂ ಗುರುತಿಸುತ್ತಾರೆ. ಮುಚ್ಚಿದ ಬಾಗಿಲುಗಳಲ್ಲಿ ಮೊದಲು ತೆರೆದುದು ಯಾವುದು, ಕಡೆಗೆ ತೆರೆದುದು ಯಾವುದು ಎಂಬ ಲೆಕ್ಕವನ್ನಿಡುವವರು ಕಡಮೆ. ಒಂದು ಸಮಾಜ ಯಾವುದಕ್ಕೆ ಮೊದಲ ಮಣೆ ಹಾಕುತ್ತದೆಂಬುದು ಈ ಲೆಕ್ಕದಿಂದ ತಿಳಿಯುವಷ್ಟು ನಿಚ್ಚಳವಾಗಿ ಅದರ ಸಭಾಭಾಷಣಗಳಿಂದ ತಿಳಿಯಲಾರದು.

ಕೊರೋನಾ ಪಿಡುಗಿನ ಮೊದಲ ವರ್ಷದಲ್ಲಿ, 2020ರ ಮೇ 13ರಂದು, ಇಂಗ್ಲೆಂಡಿನಲ್ಲಿ ಜಲಕ್ರೀಡೆಗಳಿಗೆ ಮತ್ತೆ ಅನುಮತಿ ದೊರೆಯಿತು. ಅಲ್ಲಿನ ಯಾಟ್ ಕ್ಲಬ್ಬುಗಳು, ಎಂದರೆ ಹಾಯಿದೋಣಿಯ ವಿಹಾರಿಗಳ ಸಂಘಗಳು, ಬೇಸಿಗೆಗೆಂದು ತಮ್ಮ ದೋಣಿಗಳನ್ನು ನೀರಿಗಿಳಿಸತೊಡಗಿದವು. ಕ್ಲಬ್ಬಿನ ಪಾನಗೃಹ, ಉಡುಪು ಬದಲಿಸುವ ಕೋಣೆಗಳೆಲ್ಲ ಬೀಗ ಹಾಕಿಕೊಂಡೇ ಇದ್ದವು. ಒಬ್ಬನೇ ನಡೆಸುವ ದೋಣಿಯಾಗಬೇಕು, ಇಲ್ಲವೆ ಒಂದೇ ಮನೆಯವರು ಕುಳಿತ ದೋಣಿಯಾಗಬೇಕು. ಸಾಹಸಕ್ಕೆ ಹೋಗಿ ರಕ್ಷಣಾದಳದವರಿಗೆ ಹೊರೆಯಾಗಬಾರದು. ಇವೇ ಮುಖ್ಯ ಕಟ್ಟಳೆಗಳು. ಸಾವಿನ ಸುದ್ದಿ ದಿನವೂ ಬರುತ್ತಿದ್ದ ಹೊತ್ತಿನಲ್ಲಿ ಶ್ರೀಮಂತರಿಗೆ ದೋಣಿಯಾಟವೇ ಎಂದು ಹಲವರು ಮೂಗು ಮುರಿದರು. ನಾನು ಆ ಗುಂಪಿಗೆ ಸೇರಿದವನಲ್ಲ. ಈ ರೋಗ ಮುಚ್ಚಿದ ಕೋಣೆಯಲ್ಲಿ ಉಸಿರಿನಿಂದ ಉಸಿರಿಗೆ ಹರಡುವಂಥದು. ವಿಸ್ತಾರವಾದ ನೀರಿನ ಮೇಲೆ, ಬೀಸುವ ಗಾಳಿಯಲ್ಲಿ, ಒಬ್ಬನೇ ಹಾಯಿಯ ಹಗ್ಗ ಹಿಡಿದು ಕುಳಿತವನಿಗಿಂತ ನಿರಪಾಯನಾದವನು ಆಗ ಲೋಕದಲ್ಲಿ ಹೆಚ್ಚು ಮಂದಿ ಇರಲಾರರು. ಬಯಲು ನಿರಪಾಯ, ಕೋಣೆ ಅಪಾಯ ಎಂಬ ತತ್ತ್ವವನ್ನು ಆ ಕ್ಲಬ್ಬುಗಳು ನೆಟ್ಟಗೆ ಆಚರಣೆಗೆ ತಂದವು.

ಡಂಬಳಕ್ಕೂ ಹಾಯಿದೋಣಿಗೂ ಎತ್ತಣ ಸಂಬಂಧವೆಂದು ವಾಚಕರು ನಗಬಹುದು. ಸಂಬಂಧ ಒಂದುಂಟು. ಗದಗು ಜಿಲ್ಲೆಯ ಈ ಊರಿಗೆ ಹಿಂದೆ ಧರ್ಮವೊಳಲು ಎಂಬ ಹೆಸರಿತ್ತು. 1095ರ ಸುಮಾರಿನ ಇಲ್ಲಿನ ಶಾಸನವೊಂದು ಬುದ್ಧನನ್ನೂ ತಾರಾದೇವಿಯನ್ನೂ ಸ್ತುತಿಸುತ್ತದೆ. ಹದಿನಾರು ಮಂದಿ ಸೆಟ್ಟಿಗಳು ಕೂಡಿ ಬೌದ್ಧ ವಿಹಾರವೊಂದನ್ನು ಕಟ್ಟಿಸಿದ ಸಂಗತಿಯನ್ನು ಹೇಳುತ್ತದೆ. ತಾರೆಯೆಂದರೆ ದಾಟಿಸುವವಳು. ಅವಳು ಪರಿಹರಿಸುವ ಎಂಟು ಭಯಗಳಲ್ಲಿ ನೀರಿನ ಭಯವೂ ಒಂದು. ಆದುದರಿಂದಲೇ ವರ್ತಕರಿಗೂ ನಾವಿಕರಿಗೂ ಅವಳು ಅಚ್ಚುಮೆಚ್ಚು. ಕಡಲಿನಿಂದ ಬಹುದೂರವಿರುವ, ಕಪ್ಪತಗುಡ್ಡದ ಮಗ್ಗುಲಿನ ಈ ಕರಿನೆಲದ ಊರಿನಲ್ಲಿ ದೋಣಿಯವರ ದೇವತೆ ನೆಲೆಸಿದ್ದಳೆಂಬುದು ನನಗೆ ಯಾವಾಗಲೂ ಬೆರಗಿನ ವಿಷಯ. ಆ ಹದಿನಾರು ಸೆಟ್ಟಿಗಳದೂ ಒಂದು ಬಗೆಯ ಕ್ಲಬ್ಬೇ ಎಂದರೆ ಇತಿಹಾಸಜ್ಞರು ಕೋಪಿಸಿಕೊಳ್ಳಲಾರರೆಂದು ನಂಬುತ್ತೇನೆ. ಆ ಕ್ಲಬ್ಬು ಬಾಗಿಲು ತೆರೆದುದು ಮಾತ್ರ ಪರರಿಗಾಗಿ.

ಇಂದು ಡಂಬಳದಲ್ಲಿ ಹಾಯಿದೋಣಿಯಿಲ್ಲ, ಹಳೆಯದೊಂದು ದೊಡ್ಡ ಕೆರೆಯಿದೆ. ಇಂಗ್ಲೆಂಡಿನವನಿಗೆ ಬೇಸಿಗೆಯೆಂದರೆ ನೀರಿಗಿಳಿಯುವ ಕಾಲ. ನಮ್ಮ ಬೆಳವಲದವನಿಗೆ ನೀರು ಇಳಿಯುವ ಕಾಲ. ಕೆರೆಯಂಗಳ ಬಿರಿಯುತ್ತದೆ, ಹೂಳು ಕಾಣಿಸಿಕೊಳ್ಳುತ್ತದೆ. 2020ರ ಬೇಸಿಗೆಯಲ್ಲಿ ನಮ್ಮ ಸೀಮೆಯ ಕೆರೆಗಳೂ ತೆರೆದವು. ಅದೂ ಇಂಗ್ಲೆಂಡಿನ ಕ್ಲಬ್ಬುಗಳಿಗಿಂತ ಮೂರು ವಾರ ಮೊದಲು! ಏಪ್ರಿಲ್ 20ರಿಂದ ಉದ್ಯೋಗ ಖಾತ್ರಿಯ ಕೆಲಸಗಳನ್ನು ನಡೆಸಬಹುದೆಂದು ಕೇಂದ್ರ ಸರಕಾರ ಅಪ್ಪಣೆ ಕೊಟ್ಟಿತು. ನೀರಾವರಿ, ಜಲಸಂರಕ್ಷಣೆಯ ಕೆಲಸಗಳಿಗೆ ಪ್ರಾಶಸ್ತ್ಯವೆಂದಿತು. ಮುಖಕ್ಕೆ ವಸ್ತ್ರ, ಆಳಿನಿಂದ ಆಳಿಗೆ ಅಂತರ ಎಂಬ ನಿಯಮಗಳನ್ನು ಹಾಕಿತು. ಕರ್ನಾಟಕದಲ್ಲಿ ಆ ವರ್ಷ ದಿನಗೂಲಿ 275 ರೂಪಾಯಿ. ಗೋವೆ, ಮಂಗಳೂರು, ಬೆಂಗಳೂರುಗಳಿಂದ ಕೆಲಸ ಕಳೆದುಕೊಂಡು ಮರಳಿದವರು ತಮ್ಮ ತಮ್ಮ ಊರಿನ ಕೆರೆ ಕಾಲುವೆಗಳಲ್ಲಿ ಸಲಿಕೆ ಹಿಡಿದರು. ಮೇ ತಿಂಗಳಲ್ಲಿ ಈ ಯೋಜನೆಗೆ ಇನ್ನೂ 40,000 ಕೋಟಿ ರೂಪಾಯಿ ಕೊಡುವುದಾಗಿ ಸರಕಾರ ಸಾರಿತು. ಇದು ಮೆಚ್ಚಬೇಕಾದ ಮಾತು. ಬಯಲಿನಲ್ಲಿ ಕೆಲಸ ನಡೆಯಬಹುದು ಎಂಬ ವಿವೇಕ ನಮ್ಮ ಅಧಿಕಾರಿಗಳಿಗೂ ಇದ್ದಿತೆನ್ನಲು ಬೇರೆ ಪ್ರಮಾಣ ಬೇಡ.

ಹೀಗಿರುವಲ್ಲಿ ನನ್ನ ಪ್ರಶ್ನೆ ಇಷ್ಟೆ: ಬಯಲಿನಲ್ಲಿ ತಂದೆ ಹೂಳೆತ್ತಬಹುದಾದರೆ, ಅದೇ ಬಯಲಿನ ಮರದಡಿಯಲ್ಲಿ ಮಗ ಅಕ್ಷರ ತೀಡಲು ಏಕೆ ಆಗಲಿಲ್ಲ?

ತೆರೆದ ಬಾಗಿಲುಗಳ ಸಾಲನ್ನು ನೋಡಿರಿ. 2020ರ ಮಾರ್ಚ್ ನಡುವಿನಲ್ಲಿ ಶಾಲೆಗಳು ಮುಚ್ಚಿದವು. ಮೇ 4ರಂದು ಹೆಂಡದಂಗಡಿಗಳು ತೆರೆದವು. ಮೊದಲ ದಿನವೇ ರಾಜ್ಯದಲ್ಲಿ 45 ಕೋಟಿ ರೂಪಾಯಿಯ ವ್ಯಾಪಾರ. ಜೂನ್ 8ರಂದು ದೇವಸ್ಥಾನ, ಹೊಟೇಲು, ಮಾಲುಗಳು. ಅಕ್ಟೋಬರಿನಲ್ಲಿ ಚಿತ್ರಮಂದಿರಗಳು. ಹತ್ತನೆಯ ತರಗತಿ ತೆರೆದುದು 2021ರ ಜನವರಿ 1ರಂದು. ಎರಡನೆಯ ಅಲೆ ಬಂದು ಎಲ್ಲವೂ ಮತ್ತೆ ಮುಚ್ಚಿ, ಆ ಜೂನ್ ತಿಂಗಳಿನಲ್ಲಿ ಹಲವು ಜಿಲ್ಲೆಗಳ ಹೊಟೇಲುಗಳಿಗೂ ಕ್ಲಬ್ಬುಗಳಿಗೂ ಅರ್ಧದಷ್ಟು ಆಸನಗಳ ನಿಯಮದ ಮೇಲೆ ಅನುಮತಿ ಬಂತು. ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಬಾಗಿಲು ತೆರೆದುದು 2021ರ ಅಕ್ಟೋಬರ್ 25ರಂದು. ನಡುವೆ ಹತ್ತೊಂಬತ್ತು ತಿಂಗಳು! 2020ರಲ್ಲಿ ಒಂದನೆಯ ತರಗತಿಗೆ ಹೆಸರು ಹಚ್ಚಿದ ಮಗು ಎರಡನೆಯ ತರಗತಿಯ ನಡುವಿನಲ್ಲಿ ಮೊದಲ ಸಲ ತನ್ನ ಮೇಷ್ಟರ ಮುಖ ಕಂಡಿತು.

ಬೇರೆಡೆ ಹೀಗಾಗಲಿಲ್ಲ. ಡೆನ್ಮಾರ್ಕಿನವರು 2020ರ ಏಪ್ರಿಲ್ 15ರಷ್ಟು ಮುಂಚೆಯೇ ಶಾಲೆಗಳನ್ನು ತೆರೆದರು. ಮೊದಲು ಒಳಗೆ ಕರೆದುದು ಚಿಕ್ಕ ಮಕ್ಕಳನ್ನು. ಪಾಠಗಳನ್ನು ಆದಷ್ಟು ಹೊರಗೆ ನಡೆಸಿದರು. ಆ ದೇಶವೂ ಹಾಯಿದೋಣಿಗಳ ದೇಶವೇ, ಆದರೆ ಕಿರಿಯನೇ ಮೊದಲು ಎಂಬ ಅದರ ಕ್ರಮ ನಮ್ಮದರ ತೀರ ತಲೆಕೆಳಗು. ಬಯಲುಶಾಲೆಯೆಂಬುದು ಹೊಸದೇನೂ ಅಲ್ಲ. ಕ್ಷಯದ ಭಯದಿಂದ ಬರ್ಲಿನ್ನಿನ ಬಳಿಯ ಶಾರ್ಲಾಟನ್‌ಬರ್ಗಿನಲ್ಲಿ 1904ರಲ್ಲಿ ಅರಣ್ಯಶಾಲೆ ಹುಟ್ಟಿತು. ಶಾಂತಿನಿಕೇತನದ ಮರಗಳಡಿ ಪಾಠ ನಡೆದುದು ಅದಕ್ಕೂ ಮೂರು ವರ್ಷ ಮೊದಲು. ಪ್ಲೇಗಿನ ಕಾಲಕ್ಕೆ ನಮ್ಮ ಹಿರಿಯರು ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳಲಿಲ್ಲವೆ? ರೋಗ ಬಂದಾಗ ಬಯಲಿಗೆ ಹೋಗಬೇಕೆಂಬುದು ಅವರಿಗೆ ಯಾವ ಸುತ್ತೋಲೆಯೂ ಕಲಿಸದ ಪಾಠ.

ನಾವು ಪ್ರಯತ್ನಿಸಲೇ ಇಲ್ಲವೆನ್ನುವುದು ಅನ್ಯಾಯವಾದೀತು. 2020ರ ಆಗಸ್ಟಿನಲ್ಲಿ ವಿದ್ಯಾಗಮವೆಂಬ ಯೋಜನೆ ಬಂತು. ಸರಕಾರಿ ಶಾಲೆಯ ಶಿಕ್ಷಕರು ಗುಡಿಯ ಕಟ್ಟೆ, ಸಮುದಾಯ ಭವನ, ಮರದ ನೆರಳು ಸಿಕ್ಕಲ್ಲೆಲ್ಲ ಹತ್ತಿಪ್ಪತ್ತು ಮಕ್ಕಳನ್ನು ಕೂರಿಸಿಕೊಂಡು ಕಲಿಸಿದರು. ಅಂತರ್ಜಾಲವೂ ಇಲ್ಲದ, ಮೊಬೈಲೂ ಇಲ್ಲದ ಮನೆಯ ಮಕ್ಕಳಿಗೆ ಅದೊಂದೇ ಶಾಲೆ. ಅಕ್ಟೋಬರಿನಲ್ಲಿ ಸೋಂಕಿನ ಸುದ್ದಿಗಳು ಬಂದು ಯೋಜನೆ ನಿಂತಿತು. ಶಿಕ್ಷಕರೂ ಮನುಷ್ಯರು, ಅವರ ಭಯವನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ದೋಷ ಕಂಡಲ್ಲಿ ತಿದ್ದುವುದು ಒಂದು, ಇಡಿಯಾಗಿ ನಿಲ್ಲಿಸುವುದು ಇನ್ನೊಂದು. ಕ್ಲಬ್ಬುಗಳಿಗೆ ಅರ್ಧ ಆಸನದ ಉಪಾಯ ಹೊಳೆದವರಿಗೆ ಕಟ್ಟೆಯ ಶಾಲೆಗೆ ಅರ್ಧ ಮಕ್ಕಳ ಉಪಾಯ ಹೊಳೆಯಬಾರದಿತ್ತೆ? ಹೊಳೆಯದಿರಲು ಕಾರಣವನ್ನು ನಾನು ಹೀಗೆ ಊಹಿಸುತ್ತೇನೆ: ಕ್ಲಬ್ಬಿನ ಸದಸ್ಯನಿಗೆ ಅರ್ಜಿ ಬರೆಯಲು ಬರುತ್ತದೆ, ಹೆಂಡದ ಗುತ್ತಿಗೆದಾರನ ಪರವಾಗಿ ಖಜಾನೆಯೇ ವಕಾಲತ್ತು ವಹಿಸುತ್ತದೆ. ಒಂದನೆಯ ತರಗತಿಯವನಿಗೆ ಅರ್ಜಿ ಬರೆಯಲು ಬಾರದು. ಬರೆಯುವುದನ್ನು ಕಲಿಸುವ ಬಾಗಿಲೇ ಮುಚ್ಚಿತ್ತಷ್ಟೆ.

ಅದರ ಬೆಲೆ ಎಷ್ಟೆಂಬುದು ಗೊತ್ತಾಗಿದೆ. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದವರು 2021ರ ಆರಂಭದಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳ ಎರಡರಿಂದ ಆರನೆಯ ತರಗತಿಯ ಹದಿನಾರು ಸಾವಿರಕ್ಕೂ ಮಿಕ್ಕ ಮಕ್ಕಳನ್ನು ಪರೀಕ್ಷಿಸಿದರು. ನೂರಕ್ಕೆ 92 ಮಕ್ಕಳು ಹಿಂದಿನ ವರ್ಷ ತಮಗಿದ್ದ ಭಾಷೆಯ ಒಂದಾದರೂ ಶಕ್ತಿಯನ್ನು ಕಳೆದುಕೊಂಡಿದ್ದರು. ಗಣಿತದಲ್ಲಿ 82 ಮಕ್ಕಳು. ಹೊಸತನ್ನು ಕಲಿಯದೆ ಹೋದ ನಷ್ಟದ ಮಾತಲ್ಲ ಇದು. ಕಲಿತದ್ದು ಕೈಬಿಟ್ಟು ಹೋದ ಲೆಕ್ಕ. ಕನ್ನಡ ಸಾಹಿತ್ಯದ ಮುಂದಿನ ವಾಚಕರ ಸಂಖ್ಯೆಯನ್ನು ಕುರಿತು ಚಿಂತಿಸುವವರು ಈ ಅಂಕೆಯನ್ನು ಒಂದು ಸಲ ನಿಧಾನವಾಗಿ ಓದಬೇಕು.

ನಮ್ಮ ಕಡೆಯ ಹಳ್ಳಿಗಳಲ್ಲಿ ವಾರ ಹಿಡಿಯುವ ಪದ್ಧತಿಯುಂಟು. ಗೊತ್ತಾದ ವಾರದಂದು ಊರಿನಲ್ಲಿ ಯಾರೂ ಎತ್ತು ಹೂಡಬಾರದು. ಗೌಡನ ಎತ್ತಿಗೂ ಆಳಿನ ಎತ್ತಿಗೂ ಅಂದು ಒಂದೇ ನ್ಯಾಯ; ಬಿಡುವಾಗಲೂ ಒಟ್ಟಿಗೇ. ದೇವಿಯ ಕೋಪದಲ್ಲಿ ನಂಬಿಕೆಯಿಲ್ಲದವರೂ ಆ ಸಮತೆಯನ್ನು ಗೌರವಿಸಬಹುದು.

ಮುಂದೆ ಇಂಥ ಪಿಡುಗು ಮತ್ತೆ ಬರುವುದಿಲ್ಲವೆಂದು ಯಾವ ವೈದ್ಯನೂ ಹೇಳಲಾರ. ಆದುದರಿಂದ ಪ್ರತಿಯೊಂದು ಗ್ರಾಮಸಭೆಯೂ ತನ್ನ ಊರಿನಲ್ಲಿ ಮಕ್ಕಳನ್ನು ಕೂರಿಸಬಹುದಾದ ಬಯಲುಗಳ ಪಟ್ಟಿಯೊಂದನ್ನು ಬರೆದು ಮುಖ್ಯೋಪಾಧ್ಯಾಯರ ಕೈಯಲ್ಲಿ ಇಡಲಿ ಎಂಬುದು ನನ್ನ ಸೂಚನೆ. ಎಷ್ಟು ನೆರಳು, ಎಷ್ಟು ಮಕ್ಕಳು, ಕುಡಿಯುವ ನೀರು ಎಷ್ಟು ದೂರ, ಮಳೆ ಬಂದರೆ ಆಸರೆ ಎಲ್ಲಿ ಎಂಬುದಿಷ್ಟು ಅದರಲ್ಲಿರಬೇಕು. ಡಂಬಳದ ಪಟ್ಟಿ ಸುಲಭ. ಜಾತ್ರೆಯಲ್ಲಿ ಎಲ್ಲ ಜಾತಿಯವರೂ ಕುಳಿತು ರೊಟ್ಟಿಯುಣ್ಣುವ ತೋಂಟದಾರ್ಯ ಮಠದ ಅಂಗಳ ಒಂದು. ಕೆರೆಯ ಏರಿಯ ಮಗ್ಗುಲು ಒಂದು. ಇಪ್ಪತ್ತನಾಲ್ಕು ಮೂಲೆಗಳ ದೊಡ್ಡಬಸಪ್ಪನ ಗುಡಿಯ ಸುತ್ತಿನ ಬಯಲು ಮತ್ತೊಂದು. ಅದು ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಥಳವಾದುದರಿಂದ ಅನುಮತಿ ಪತ್ರವನ್ನು ಈಗಲೇ, ರೋಗ ಬರುವ ಮೊದಲೇ, ಪಡೆದಿಟ್ಟುಕೊಳ್ಳುವುದು ಮೇಲು.